ಗಿಡ್ಲಿಗೆ ಎಷ್ಟು ಕಾಲು? ಪುಟಾಣಿಗಳಿಗೆ ತಲೆಕೆಳಗು ಕಾಮಿಕ್ಸ್ ಮಾಡುವ ಬಗೆ

ಒಂದು ಎ4 ಹಾಳೆ, ಪೆನ್ಸಿಲ್, 0.8 ಮಿ.ಮೀ. ಕಪ್ಪು ಪೆನ್, ಕತ್ತರಿ. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ನಗಿಸುವ ಅಸಂಬದ್ಧ ಕಥೆಯ ಎಂಟು ಪುಟದ ಪುಟ್ಟ ಕಾಮಿಕ್ಸ್ ಪುಸ್ತಕ ಮಾಡಲು ಇಷ್ಟು ಸಾಕು. ಮೂವತ್ತಾರು ಬಣ್ಣದ ಸ್ಕೆಚ್ ಪೆನ್ ಡಬ್ಬಿ ಬೇಡ. ಅದರ ಶಾಯಿ ಹಾಳೆಯಲ್ಲಿ ಹರಡಿ ಕಣ್ಣು ಯಾವುದು, ಮೂಗು ಯಾವುದು ತಿಳಿಯದಂತೆ ಮಾಡುತ್ತದೆ.

ಪ್ರತಿಸಲ ಆಗ ಯಾವ ಬದಿ ಉದ್ದವಿದೆಯೋ ಅದನ್ನೇ ಅರ್ಧ ಮಾಡುತ್ತ ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿ. ಎಂಟು ಮನೆ ಮೂಡುತ್ತವೆ, ಒಂದೊಂದೂ ಸುಮಾರು 74×105 ಮಿ.ಮೀ. ಹಾಳೆಯನ್ನು ಅಡ್ಡಲಾಗಿಟ್ಟು ನಡುಗೆರೆಯಲ್ಲಿ ಮಧ್ಯದ ಎರಡು ಮನೆಯಷ್ಟು ಉದ್ದ ಮಾತ್ರ ಕತ್ತರಿಸಿ. ಉದ್ದಕ್ಕೆ ಮಡಚಿ ಎರಡೂ ತುದಿ ಹಿಡಿದು ಒಳಕ್ಕೆ ನೂಕಿದರೆ ಪುಸ್ತಕ ತಾನೇ ಕೂಡಿಕೊಳ್ಳುತ್ತದೆ. ಪಿನ್ನು ಬೇಡ, ಗೋಂದು ಬೇಡ. ಚಿತ್ರ ಶುರುಮಾಡುವ ಮುಂಚೆ ಹೀಗೆ ಮಡಚಿಯೇ ಪುಟಸಂಖ್ಯೆ ಬರೆದುಕೊಳ್ಳಿ. ಬಿಚ್ಚಿದಾಗ ನಾಲ್ಕು ಪುಟ ತಲೆಕೆಳಗಾಗಿ ಕಾಣುತ್ತವೆ, ಅದು ಸರಿಯೇ. ಇದನ್ನು ಬಿಟ್ಟವರ ಪುಸ್ತಕದಲ್ಲಿ ಅರ್ಧ ಕಥೆ ಶೀರ್ಷಾಸನ ಹಾಕಿರುತ್ತದೆ.

ಇನ್ನು ಕಥೆ. ಬಹುತೇಕರು ಎಡವುವುದು ಇಲ್ಲೇ. ಅಸಂಬದ್ಧ ಎಂದರೆ ಬಾಯಿಗೆ ಬಂದದ್ದನ್ನೆಲ್ಲ ತುರುಕುವುದು ಎಂದುಕೊಂಡು, ಸೂಟು ಹಾಕಿದ ಮಂಗ ಚಂದ್ರನ ಮೇಲೆ ಡೈನೋಸಾರ್ ಜೊತೆ ಪಿಜ್ಜಾ ತಿನ್ನುವುದನ್ನು ಬರೆಯುತ್ತಾರೆ. ಮಗು ಸುಮ್ಮನೆ ನೋಡುತ್ತದೆ. ಎಲ್ಲವೂ ವಿಚಿತ್ರವಾದಾಗ ಯಾವುದೂ ವಿಚಿತ್ರವಲ್ಲ. ಬದಲಿಸಬೇಕಾದ್ದು ಒಂದೇ ಒಂದು, ಮಿಕ್ಕಿದ್ದೆಲ್ಲ ದಿನಾ ಕಾಣುವ ಹಾಗೇ ಇರಬೇಕು. ಬದಲಾಗುವ ವಸ್ತು ಮಗುವಿಗೆ ಚೆನ್ನಾಗಿ ಗೊತ್ತಿರಬೇಕು. ಕರೆಂಟ್ ಬಿಲ್ಲಿಗೆ ಕಾಲು ಬಂದರೆ ಅಪ್ಪ ನಗಬಹುದು, ಯುಕೆಜಿ ನಗುವುದಿಲ್ಲ. ಇಡ್ಲಿಗೆ ಬಂದರೆ ನಗುತ್ತದೆ. ಇಡ್ಲಿ ತಟ್ಟೆಯಲ್ಲಿ ಸುಮ್ಮನೆ ಕೂತಿರುತ್ತದೆ ಎಂದು ಮಗುವಿಗೆ ಗೊತ್ತು.

ಆ ಒಂದು ವಿಚಿತ್ರವನ್ನು ಹುಡುಕಲು ಕನ್ನಡದಲ್ಲೇ ಒಂದು ಸಲೀಸು ದಾರಿಯಿದೆ. ಕಾಫಿ-ಗೀಫಿ, ಬಸ್ಸು-ಗಿಸ್ಸು, ಛತ್ರಿ-ಗಿತ್ರಿ ಎನ್ನುತ್ತೇವಲ್ಲ, ಆ ಎರಡನೇ ಪದವನ್ನು ನಿಜವೆಂದು ನಂಬಿಬಿಡಿ. ಮೊದಲ ಅಕ್ಷರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’. ಗಿಣಿ, ಗಿಡದಂಥವು ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ದರ್ಶಿನಿಯ ಕೌಂಟರಿನಲ್ಲಿ, ‘ಇಡ್ಲಿ-ಗಿಡ್ಲಿ ಏನಾದ್ರೂ ಬೇಕಾ ಪುಟ್ಟಾ?’ ‘ಇಡ್ಲಿ ಬೇಡ ಅಂಕಲ್, ಗಿಡ್ಲಿ ಕೊಡಿ.’ ಈಗ ಆ ಅಂಕಲ್ ಬೆಚ್ಚಿಬಿದ್ದರೆ ಕಥೆ ಅಲ್ಲಿಗೇ ಸತ್ತಿತು. ಅವರು ಎಂದಿನಂತೆ ಟೋಕನ್ ತಗೊಂಡು ಎರಡು ಕಾಲಿನ ಗಿಡ್ಲಿಯನ್ನು ತಟ್ಟೆಯಲ್ಲಿ ನಿಲ್ಲಿಸಿ, ‘ಸಾಂಬಾರ್ ಡಿಪ್ಪಾ, ಸಪರೇಟಾ?’ ಎಂದು ಕೇಳಬೇಕು. ಹುಬ್ಬು ಮೇಲೇರಬಾರದು, ಬಾಯಿ ಒಂದು ನೇರ ಗೆರೆ. ‘ಡಿಪ್’ ಎಂದದ್ದೇ ತಡ, ಗಿಡ್ಲಿ ಓಟ ಕೀಳುತ್ತದೆ. ಓಡಲು ಕಾರಣವಿದೆ ನೋಡಿ: ಬಿಸಿ ಸಾಂಬಾರಿನಲ್ಲಿ ಮುಳುಗಲು ಯಾರಿಗೆ ಇಷ್ಟ? ವಿಚಿತ್ರದ ಒಳಗೂ ಹೀಗೆ ಕಾರಣ ಇರಬೇಕು, ಇಲ್ಲದಿದ್ದರೆ ಮಗು ‘ಯಾಕೆ?’ ಎಂದು ಕೇಳಿ ನಿಮ್ಮನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ.

ಎರಡು ಎಚ್ಚರಿಕೆ. ಕಣ್ಣು ಬಾಯಿ ಬರೆದ ತಿಂಡಿಯನ್ನು ಕಥೆಯಲ್ಲಿ ಯಾರೂ ಕಚ್ಚಬಾರದು. ಸಣ್ಣ ಮಕ್ಕಳು ನಗುವ ಬದಲು ಅತ್ತುಬಿಡುತ್ತಾರೆ. ಹಾಗೆಯೇ ‘ಅದೆಲ್ಲ ಕನಸಾಗಿತ್ತು’ ಎಂದೋ, ‘ತಿಂಡಿಯನ್ನು ಚೆಲ್ಲಬಾರದು’ ಎಂದೋ ಮುಗಿಸಬೇಡಿ. ಅಷ್ಟು ಹೊತ್ತು ನಂಬಿ ಕೂತ ಮಗುವಿಗೆ ಅದು ಮೋಸ.

ಕಥೆಯನ್ನು ಪುಟಕ್ಕೆ ಹಂಚುವಾಗ ತೋರುವ ಜಾಣತನಕ್ಕೇ ಅರ್ಧ ನಗು ಸಲ್ಲಬೇಕು. ಈ ಪುಸ್ತಕದಲ್ಲಿ 2-3, 4-5, 6-7 ಎದುರುಬದುರು ಪುಟಗಳು, ಒಟ್ಟಿಗೇ ಕಾಣುತ್ತವೆ. ಮೂರನೇ ಪುಟದಲ್ಲಿ ಅಚ್ಚರಿ ಇಟ್ಟರೆ ಎರಡನೆಯದನ್ನು ಓದುತ್ತಿರುವಾಗಲೇ ಮಗುವಿನ ಕಣ್ಣು ಅಲ್ಲಿಗೆ ಹೋಗಿರುತ್ತದೆ. ಆದ್ದರಿಂದ 3, 5, 7ರಲ್ಲಿ ಕೆಣಕಿ; 4, 6, 8ರಲ್ಲಿ ಕೊಡಿ. ಮೂರರಲ್ಲಿ ‘ಗಿಡ್ಲಿ ಕೊಡಿ’, ನಾಲ್ಕರಲ್ಲಿ ಗಿಡ್ಲಿ. ಐದರಲ್ಲಿ ‘ಡಿಪ್ಪಾ?’, ಆರರಲ್ಲಿ ಗಿಡ್ಲಿ ಮೆಜೆಸ್ಟಿಕ್ ಬಸ್ಸಿನ ಕಿಟಕಿ ಸೀಟಿನಲ್ಲಿ, ಪಕ್ಕದಲ್ಲಿ ಕಂಡಕ್ಟರ್: ‘ಕಾಲಿದ್ರೆ ಟಿಕೆಟ್ ತಗೋಬೇಕು.’ ಏಳರಲ್ಲಿ ‘ಅಯ್ಯೋ, ಒಂದು ಮರೆತೆ! ಇಳೀಬೇಕು!’ ಎಂಟರಲ್ಲಿ ಮತ್ತೆ ಅದೇ ಕೌಂಟರಿನ ಮುಂದೆ ಗಿಡ್ಲಿ, ತಲೆಯ ಮೇಲೆ ಬಟ್ಟಲು: ‘ಚಟ್ನಿ.’

ಅಕ್ಷರ ಮೊದಲು ಬರೆಯಿರಿ, ಮಾತಿನ ಗುಳ್ಳೆ ಆಮೇಲೆ. ಗುಳ್ಳೆ ಬರೆದು ತುಂಬಲು ಹೋದರೆ ಒತ್ತಕ್ಷರ ಕೆಳಗೆ ಜಾಗವಿಲ್ಲದೆ ಗೆರೆ ದಾಟುತ್ತದೆ. ಅಕ್ಷರ 5 ಮಿ.ಮೀ. ಎತ್ತರ, ಸಾಲುಗಳ ನಡುವೆ ಅಷ್ಟೇ ಖಾಲಿ. ಸಾಲಿಗೆ ಹತ್ತು ಅಕ್ಷರ ಹಿಡಿಸಿದರೆ ಹೆಚ್ಚು. ಅದಕ್ಕೇ ‘ಹೋಗುತ್ತಿದ್ದೇನೆ’ ಬೇಡ, ‘ಹೋಗ್ತಿದೀನಿ’ ಸಾಕು. ಮನೆಯಲ್ಲಿ ಮಗು ಕೇಳುವುದೂ ಅದನ್ನೇ. ಮೊದಲು ಮಾತಾಡುವವರು ಎಡಕ್ಕೆ ನಿಲ್ಲಲಿ. ಸದ್ದಿಗೆ ‘ಬ್ಯಾಂಗ್’, ‘ಕ್ರ್ಯಾಶ್’ ಸಾಲ ತರುವುದೇಕೆ? ತಟ್ಟೆ ಬಿದ್ದರೆ ಠಣ್, ಗಿಡ್ಲಿ ಬಿದ್ದರೆ ಪೊತ್, ಚಟ್ನಿಗೆ ಹಾರಿದರೆ ಪುಳಕ್. ಚಿತ್ರ ಮಾಡಿಕೊಡುವ ಆಪ್‌ಗಳನ್ನು ನೆಚ್ಚಬೇಡಿ. ಅಲ್ಲಿನ ಸಿದ್ಧ ಮುಖಗಳೆಲ್ಲ ಹಲ್ಲು ಕಿರಿಯುತ್ತಿರುತ್ತವೆ, ನಮಗೆ ಬೇಕಾದ್ದು ಕೌಂಟರಿನವರ ಗಂಭೀರ ಮುಖ. ಕೆಲವು ಫಾಂಟುಗಳಲ್ಲಂತೂ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ.

ಚಿತ್ರ ಸಾಧಾರಣವಾಗಿದ್ದರೂ ನಡೆಯುತ್ತದೆ. ಗಿಡ್ಲಿಗೆ ಒಂದು ಚಪ್ಪಟೆ ಉಂಡೆ, ಎರಡು ಕಡ್ಡಿ ಕಾಲು. ಅದು ಕಾಣುವ ಪುಟದಲ್ಲೆಲ್ಲ ಒಂದೇ ಥರ ಇದ್ದರಾಯಿತು.

ಜೆರಾಕ್ಸ್‌ಗೆ ಒಯ್ಯುವ ಮುನ್ನ ಮಗುವಿಗೆ ಓದಿ. ‘ನಗು ಬಂತಾ?’ ಎಂದು ಕೇಳಬೇಡಿ, ಪಾಪ, ಹೂಂ ಎನ್ನುತ್ತದೆ. ತಾನೇ ಹಿಂದಕ್ಕೆ ತಿರುಗಿಸಿದ ಪುಟ ಯಾವುದು ನೋಡಿಕೊಳ್ಳಿ. ಬೇಗ ದಾಟಿಸಿದ ಪುಟವನ್ನು ಮತ್ತೆ ಬರೆಯಿರಿ. ಯಂತ್ರ ಹಾಳೆಯ ಅಂಚನ್ನು ಮುದ್ರಿಸುವುದಿಲ್ಲ, ಹಾಗಾಗಿ ಸುತ್ತ 7 ಮಿ.ಮೀ. ಖಾಲಿ ಬಿಟ್ಟಿರಬೇಕು. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ ತೂಕದ) ಹಾಳೆಯೇ ಹೇಳಿ. ದಪ್ಪ ಹಾಳೆ ಅಂದವೆಂದು ಅಂಗಡಿಯವರು ಒತ್ತಾಯಿಸಿದರೂ ಒಪ್ಪಬೇಡಿ, ಅದು ಮಡಿಕೆಯಲ್ಲಿ ನಿಲ್ಲದೆ ಬಾಯಿ ಬಿಟ್ಟುಕೊಂಡೇ ಇರುತ್ತದೆ.