ಕಾಂಟ್ರಾಕ್ಟ್ ಕ್ಲಾಸಿನಲ್ಲಿ ‘ದಿ ಪೇಪರ್ ಚೇಸ್’

ಹೊಸ ಬ್ಯಾಚ್‌ಗೆ ಕಾಂಟ್ರಾಕ್ಟ್ ಕಾನೂನು ಶುರು ಮಾಡುವಾಗ ನಾನು 1973ರ ‘ದಿ ಪೇಪರ್ ಚೇಸ್’ ಸಿನಿಮಾದ ಸಹಾಯ ತೆಗೆದುಕೊಳ್ಳುತ್ತೇನೆ. ಹಾರ್ವರ್ಡ್ ಲಾ ಸ್ಕೂಲಿಗೆ ಆಗ ತಾನೇ ಸೇರಿದ ಹಾರ್ಟ್, ಅವನನ್ನು ನಡುಗಿಸುವ ಪ್ರೊಫೆಸರ್ ಕಿಂಗ್ಸ್‌ಫೀಲ್ಡ್. ಸಿನಿಮಾ ನೋಡಿದವರೆಲ್ಲ ಆ ಮೇಷ್ಟ್ರ ಗತ್ತಿನ ಬಗ್ಗೆಯೇ ಮಾತಾಡುತ್ತಾರೆ. ನನಗೆ ಬೇಕಿರುವುದು ಅವರ ಪ್ರಶ್ನೆಗಳು ಮಾತ್ರ.

ಪೂರ್ತಿ ಸಿನಿಮಾ ಒಂದೇ ಸಲ ಹಾಕುವುದಿಲ್ಲ. ಮೊದಲು ಕ್ಲಾಸ್ ರೂಮಿನ ದೃಶ್ಯ. ಕಿಂಗ್ಸ್‌ಫೀಲ್ಡ್ ಕೈಯಲ್ಲಿ ಯಾರು ಎಲ್ಲಿ ಕೂತಿದ್ದಾರೆ ಅನ್ನುವ ಫೋಟೊ ಚಾರ್ಟ್. ಹಾಕಿನ್ಸ್ ವಿರುದ್ಧ ಮೆಕ್‌ಗೀ ಕೇಸಿನ ಬಗ್ಗೆ ಹಾರ್ಟ್‌ನನ್ನು ಎಬ್ಬಿಸಿ ಕೇಳುತ್ತಾರೆ. ಮೊದಲ ದಿನವೇ ಓದಿಕೊಂಡು ಬರಬೇಕು ಅಂತ ಹುಡುಗನಿಗೆ ಗೊತ್ತೇ ಇಲ್ಲ. ಅಲ್ಲಿಗೆ ನಿಲ್ಲಿಸಿ ಕೇಸಿನ ಪ್ರತಿ ಹಂಚುತ್ತೇನೆ.

ಇದು 1929ರ ನ್ಯೂ ಹ್ಯಾಂಪ್‌ಶೈರ್ ತೀರ್ಪು. ಅಂಗೈ ಸುಟ್ಟು ಕಲೆ ಉಳಿದಿದ್ದ ಹುಡುಗ. ‘ನೂರಕ್ಕೆ ನೂರು ಸರಿ ಮಾಡಿಕೊಡುತ್ತೇನೆ’ ಅಂತ ಡಾಕ್ಟರ್ ಮಾತು ಕೊಟ್ಟರು. ಎದೆಯ ಚರ್ಮ ತೆಗೆದು ಅಂಗೈಗೆ ಕಸಿ ಮಾಡಿದರು. ಅಂಗೈಯಲ್ಲಿ ಕೂದಲು ಬೆಳೆಯಿತು!

ನಕ್ಕು ಮುಗಿದ ಮೇಲೆ ಕೇಳುತ್ತೇನೆ: ಪರಿಹಾರ ಎಷ್ಟು? ‘ಆಪರೇಷನ್‌ಗೆ ಮೊದಲಿದ್ದ ಕೈಗೂ ಈಗಿನ ಕೈಗೂ ಇರುವ ವ್ಯತ್ಯಾಸ’ ಅನ್ನುವ ಉತ್ತರವೇ ಜಾಸ್ತಿ. ಬೋರ್ಡ್ ಮೇಲೆ ಸುಮ್ನೆ ಮೂರು ಅಂಕಿ ಬರೆಯುತ್ತೇನೆ. ಸರಿಯಾದ ಕೈ 100, ಸುಟ್ಟ ಕೈ 60, ಕೂದಲು ಬೆಳೆದ ಕೈ 40. ಅವರ ಲೆಕ್ಕದಲ್ಲಿ 20. ಆದರೆ ಡಾಕ್ಟರ್ ಮಾತು ಕೊಟ್ಟಿದ್ದು 100ಕ್ಕೆ. ಆದ್ದರಿಂದ 100ರಲ್ಲಿ ಈಗಿನ 40 ಕಳೆದು 60 ಬರಬೇಕು. ಕೋರ್ಟ್ ಹಿಡಿದ ದಾರಿ ಇದೇ. ಹಾಗಾದರೆ ಆಪರೇಷನ್ನಿನ ನೋವು? ಕೈ ಸರಿಹೋಗಿದ್ದರೂ ಆ ನೋವು ತಿನ್ನಲೇಬೇಕಿತ್ತು. ಅದು ಒಳ್ಳೆಯ ಕೈಗೆ ಅವನು ತೆರಲು ಒಪ್ಪಿದ್ದ ಬೆಲೆ, ಬೇರೆ ಪರಿಹಾರ ಇಲ್ಲ. ಇಲ್ಲಿ ಜಗಳ ಶುರುವಾಗುತ್ತದೆ. ಬೇಕಾಗಿದ್ದೂ ಅದೇ. ‘ಆದಷ್ಟು ಪ್ರಯತ್ನ ಮಾಡುತ್ತೇನೆ’ ಅಂತ ಮಾತ್ರ ಡಾಕ್ಟರ್ ಹೇಳಿದ್ದರೆ? ಅಂತ ಇನ್ನೊಂದು ಎಸೆಯುತ್ತೇನೆ. ಉತ್ತರ ತೋಚದಿದ್ದವರು ‘ಮುಂದೆ’ ಅನ್ನಬಹುದು. ಆದರೆ ಪೀರಿಯಡ್ ಮುಗಿಯುವುದರೊಳಗೆ ಮತ್ತೆ ಅವರ ಹತ್ತಿರ ಬರುತ್ತೇನೆ.

ಆಮೇಲೆ ಸಿನಿಮಾ ಮುಂದುವರಿಯುತ್ತದೆ. ಕ್ಲಾಸಿನ ನಂತರ ಹಾರ್ಟ್ ವಾಂತಿ ಮಾಡಿಕೊಳ್ಳುತ್ತಾನೆ. ಇನ್ನೊಮ್ಮೆ ಕಿಂಗ್ಸ್‌ಫೀಲ್ಡ್ ಅವನ ಕೈಗೆ ಹತ್ತು ಸೆಂಟಿನ ನಾಣ್ಯ ಕೊಟ್ಟು, ನೀನು ವಕೀಲನಾಗುವುದು ಅನುಮಾನ ಅಂತ ನಿಮ್ಮಮ್ಮನಿಗೆ ಫೋನ್ ಮಾಡಿ ಹೇಳು ಅನ್ನುತ್ತಾರೆ. ನಾಟಕವಾಗಿ ಸೊಗಸಾಗಿದೆ, ಜಾನ್ ಹೌಸ್‌ಮನ್‌ಗೆ ಪೋಷಕ ನಟ ಆಸ್ಕರ್ ಬಂದಿದ್ದು ಸುಮ್ನೆ ಅಲ್ಲ. ಪಾಠವಾಗಿ ನನಗೆ ಒಪ್ಪಿಗೆಯಿಲ್ಲ. ಹೆದರಿದ ತಲೆ ಮೇಷ್ಟ್ರ ಮುಖ ನೋಡುತ್ತದೆ, ಕೇಸ್ ನೋಡುವುದಿಲ್ಲ.

ಸ್ಟಡಿ ಗ್ರೂಪಿನ ಭಾಗವನ್ನೂ ಬಳಸುತ್ತೇನೆ. ಒಬ್ಬೊಬ್ಬರು ಒಂದೊಂದು ವಿಷಯದ ನೋಟ್ಸ್ ಮಾಡಿ ಹಂಚಿಕೊಳ್ಳಬೇಕು ಅಂತ ಅವರ ಒಪ್ಪಂದ. ಗ್ರೂಪ್ ಒಡೆಯುತ್ತಾ ಹೋಗುತ್ತದೆ. ನನ್ನ ಕ್ಲಾಸಿನಲ್ಲಿ ಒಂದು ನಿಯಮ ಸೇರಿಸಿದ್ದೇನೆ: ಬೇರೆಯವರ ನೋಟ್ಸ್ ಬೇಕಾದರೆ ಅದರಲ್ಲಿ ಒಂದು ತಪ್ಪನ್ನಾದರೂ ಹಿಡಿದು ತೋರಿಸಬೇಕು. ಆಗ ಓದದೆ ವಿಧಿಯಿಲ್ಲ.

ಆ ಗ್ರೂಪಿನ ಬ್ರೂಕ್ಸ್‌ಗೆ ಓದಿದ್ದೆಲ್ಲ ಅಕ್ಷರಕ್ಷರ ನೆನಪಿರುತ್ತದೆ, ಆದರೆ ಅದನ್ನು ಹೊಸ ಪ್ರಶ್ನೆಗೆ ಹಚ್ಚಲು ಬರುವುದಿಲ್ಲ. ಒತ್ತಡ ತಾಳಲಾರದೆ ಅವನು ಜೀವ ಕಳೆದುಕೊಳ್ಳಲು ಹೋಗುತ್ತಾನೆ. ಆ ಭಾಗದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಬೇಡ ಅನ್ನುವವರು ಹೊರಗೆ ಹೋಗಬಹುದು, ಕಾರಣ ಕೇಳುವುದಿಲ್ಲ. ಮಾತಾಡಬೇಕು ಅನ್ನಿಸಿದವರಿಗೆ ಅವತ್ತು ನನ್ನ ರೂಮಿನ ಬಾಗಿಲು ತೆರೆದಿರುತ್ತದೆ.

ಕೊನೆಗೆ ಹಾರ್ಟ್ ತನ್ನ ಗ್ರೇಡಿನ ಕವರ್ ತೆರೆಯದೆ ಕಾಗದದ ವಿಮಾನ ಮಾಡಿ ಸಮುದ್ರದ ಕಡೆ ಹಾರಿಸುತ್ತಾನೆ. ‘ಏ’ ಬಂದಿದೆ ಅಂತ ನಮಗೆ ಮಾತ್ರ ಗೊತ್ತು. ಯಾರಾದರೂ ಕೈ ಎತ್ತಿಯೇ ಎತ್ತುತ್ತಾರೆ: ‘ಮೇಡಂ, ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗ ಏನು ಮಾಡ್ತಾನೆ?’ ಆಫೀಸಿನಲ್ಲಿ ಇನ್ನೊಂದು ಪ್ರತಿ ಇರುತ್ತಲ್ಲ, ಅಂತ ಹೇಳಿ ಮುಂದಿನ ವಾರದ ಕೇಸ್ ಕೊಡುತ್ತೇನೆ.