ಅಗ್ಗದ ವೈಟ್ ವೈನ್, ಕಾಣೆ ಫ್ರೈ ಜೊತೆ

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡೋ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ರುಚಿ ನೋಡೋದು ನನ್ನ ಕೆಲಸ. ಬಿಸಿ ಇದ್ದಾಗ ಕಾಫಿಯ ದೋಷ ಗೊತ್ತಾಗೋದಿಲ್ಲ, ಆರುತ್ತಾ ಬಂದಂತೆ ಒಂದೊಂದೇ ನಾಲಿಗೆಗೆ ಸಿಗುತ್ತದೆ. ಅಗ್ಗದ ವೈಟ್ ವೈನ್ ಇದರ ಉಲ್ಟಾ. ತಣ್ಣಗಿದ್ದಷ್ಟು ಹೊತ್ತು ಸಂಭಾವಿತ, ಬೆಚ್ಚಗಾದರೆ ಬಣ್ಣ ಬಯಲು. ಸಾವಿರ ರೂಪಾಯಿ ಒಳಗಿನ ಬಾಟಲಿಯಲ್ಲಿ ಖುಷಿ ಬೇಕು ಅಂದರೆ ಅದನ್ನು ಸರಿಯಾಗಿ ತಣಿಸಬೇಕು, ಜೊತೆಗೆ ಸರಿಯಾದ ಅಡುಗೆ ಮಾಡಬೇಕು.

ಮೊದಲು ಅಂಗಡಿ. ನಮ್ಮ ಕಡೆ ವಿಸ್ಕಿ, ರಮ್ಮಿಗೆ ಮುಂದಿನ ಜಾಗ. ವೈನ್ ಮೇಲಿನ ಶೆಲ್ಫಿನಲ್ಲಿ, ಟ್ಯೂಬ್‌ಲೈಟ್ ಪಕ್ಕ ಧೂಳು ತಿನ್ನುತ್ತಾ ಕೂತಿರುತ್ತದೆ. ಆ ಬಾಟಲಿ ಬೇಡ. ಬೆಳಕು, ಶಾಖ ಎರಡೂ ವೈಟ್ ವೈನನ್ನು ಕೆಡಿಸುತ್ತವೆ. "ಅಣ್ಣ, ಬಾಕ್ಸಿನಲ್ಲಿರೋದು ಕೊಡಿ" ಅಂತ ಕೇಳಿ.

"ಹಳೇದಾದಷ್ಟೂ ಒಳ್ಳೇದಲ್ವಾ ಮೇಡಂ?" ಅಂತಾರೆ. ಈ ದರದ ವೈಟ್ ವೈನಿಗೆ ಆ ಮಾತು ಸಲ್ಲೋದಿಲ್ಲ. ಇದನ್ನು ಹೊಸದಿದ್ದಾಗಲೇ ಕುಡಿದು ಮುಗಿಸಬೇಕು. ಲೇಬಲ್ ಮೇಲಿನ ವರ್ಷ ಅಂದರೆ ದ್ರಾಕ್ಷಿ ಕೊಯ್ದ ವರ್ಷ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿ ಕೊಯ್ಲು ಹೆಚ್ಚುಕಡಿಮೆ ಜನವರಿಯಿಂದ ಮಾರ್ಚ್, ಇಲ್ಲಿ ರೊಬಸ್ಟಾ ಕೊಯ್ಯೋ ಹೊತ್ತಿಗೆ. ಎರಡು ವರ್ಷ ದಾಟಿದ್ದನ್ನು ನಾನು ಮುಟ್ಟೋದಿಲ್ಲ.

ನಾಸಿಕ್‌ನ ಸುಲಾ ಇರಲಿ, ನಂದಿ ಬೆಟ್ಟದ ಕಡೆಯ ಗ್ರೋವರ್ ಇರಲಿ, ಕಂಪನಿಗಿಂತ ಮೊದಲು ದ್ರಾಕ್ಷಿಯ ಹೆಸರು ಓದಿ. ಸೋವಿನ್ಯೋನ್ ಬ್ಲಾಂ ಅಂತಿದ್ದರೆ ಹುಳಿ ಜಾಸ್ತಿ, ಹಸಿ ದೊಣ್ಣೆಮೆಣಸಿನಕಾಯಿಯ ಘಮ. ಶೆನಿನ್ ಬ್ಲಾಂ ನಮ್ಮಲ್ಲಿ ಸಾಮಾನ್ಯವಾಗಿ ಸ್ವಲ್ಪ ಸಿಹಿಯಾಗಿರುತ್ತದೆ.

ಫ್ರಿಜ್‌ನಲ್ಲಿ ಮೂರು ಗಂಟೆ ಇಟ್ಟರೆ ಸಾಕು. 8ರಿಂದ 10 ಡಿಗ್ರಿ ಹದ. ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಆಗ ಬಕೆಟ್ಟೇ ಗತಿ. ಐಸ್, ಅದು ತೇಲುವಷ್ಟು ನೀರು, ಎರಡು ಹಿಡಿ ಕಲ್ಲುಪ್ಪು. ಬಾಟಲಿ ಕುತ್ತಿಗೆವರೆಗೆ ಮುಳುಗಿರಲಿ. ಇಪ್ಪತ್ತು ನಿಮಿಷದಲ್ಲಿ ಕೈಗೆ ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಬರೀ ಐಸ್ ಸುರಿದರೆ ಇಷ್ಟು ಬೇಗ ಆಗೋದಿಲ್ಲ. ನೀರು ಗಾಜಿಗೆ ಸುತ್ತಲೂ ತಾಗುತ್ತದೆ, ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಗಿಳಿಸುತ್ತದೆ. ಐಸ್ ಮೀನಿನಂಗಡಿಯದ್ದಾದರೂ ನಡೆಯುತ್ತೆ, ಬಾಟಲಿ ಒರೆಸಿಕೊಂಡರಾಯಿತು. ಫ್ರೀಜರಿಗೆ ಹಾಕಿ ಮರೆತರೆ ಬಾಟಲಿ ಒಡೆದೀತು.

ಈಗ ಊಟ. ಘಟ್ಟ ಹತ್ತಿ ಬಂದ ಕಾಣೆ ಮೀನು ಸಿಕ್ಕಿದ ದಿನ ಸೋವಿನ್ಯೋನ್ ತೆಗೆಯಿರಿ. ಮೀನಿಗೆ ಉಪ್ಪು, ಅರಿಶಿನ, ನಿಂಬೆರಸ, ಬ್ಯಾಡಗಿ ಪುಡಿ ಸ್ವಲ್ಪವೇ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿ. ಗರಿಗರಿ ಅಂಚು ಕಡಿದು, ಬಾಯಲ್ಲಿ ಎಣ್ಣೆ ಇನ್ನೂ ಇರುವಾಗಲೇ ಒಂದು ಗುಟುಕು ಕುಡಿಯಿರಿ. ವೈನಿನ ಹುಳಿ ಆ ಜಿಡ್ಡನ್ನು ತೊಳೆದುಬಿಡುತ್ತದೆ, ಮೀನಿನ ಉಪ್ಪು ವೈನಿನ ಹುಳಿಯನ್ನು ಮೆದು ಮಾಡುತ್ತದೆ. ನಮ್ಮತ್ತೆ ವೈನ್ ಅಂದರೆ ಮೂಗು ಮುರಿಯೋರು. ಕಾಣೆ ಜೊತೆ ಮಾತ್ರ ಈಗ "ಒಂಚೂರು ಹಾಕಮ್ಮ" ಅಂತಾರೆ.

ನೀರುದೋಸೆ, ತೆಂಗಿನಹಾಲಿನ ಕೋಳಿ, ಕಳಲೆ ಪಲ್ಯ ಇದ್ದರೆ ಶೆನಿನ್ ಸರಿ. ಖಾರದ ಅಡುಗೆಗೂ ಅದೇ, ಸಿಹಿ ಸ್ವಲ್ಪ ಉರಿ ಇಳಿಸುತ್ತದೆ. ಆದರೆ ಕಡುಬಿಗೆ ಮಾಡೋ ಖಡಕ್ ಕೋಳಿಸಾರಿನ ಮುಂದೆ ಯಾವ ವೈಟ್ ವೈನೂ ನಿಲ್ಲೋದಿಲ್ಲ. ಆಲ್ಕೋಹಾಲ್ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ, ಆಮೇಲೆ ನಾಲಿಗೆಗೆ ಬೇರೇನೂ ತಿಳಿಯೋದಿಲ್ಲ. ಹೋಳಿಗೆ ಜೊತೆಗಂತೂ ಬೇಡವೇ ಬೇಡ. ಸಿಹಿ ತಿಂದ ಬಾಯಿಗೆ ಬರೀ ಹುಳಿ ಹತ್ತುತ್ತದೆ.

ಸ್ಟೀಲ್ ಲೋಟ ಬೇಡ, ಗಾಜಿನದ್ದು ಇರಲಿ. ಮೂರರಲ್ಲೊಂದು ಭಾಗ ಮಾತ್ರ ಹಾಕಿ, ಬಾಟಲಿಯನ್ನು ಮತ್ತೆ ಬಕೆಟ್ಟಿಗೇ ಇಳಿಸಿ. ಲೋಟಕ್ಕೆ ಐಸ್ ಹಾಕಿದರೆ ನೀರುನೀರಾಗುತ್ತದೆ. ಬೇಕಿದ್ದರೆ ಫ್ರೀಜರಿನಲ್ಲಿ ಗಟ್ಟಿ ಮಾಡಿದ ದ್ರಾಕ್ಷಿ ಎರಡು ಹಾಕಿಕೊಳ್ಳಿ. ಊಟ ಆದ ಮೇಲೆ ಗಾಡಿ ಓಡಿಸಿಕೊಂಡು ಘಾಟಿ ಇಳಿಯೋರು ಇದ್ದರೆ ಅವರಿಗೆ ವೈನ್ ಬೇಡ, ಮಜ್ಜಿಗೆ ಕೊಡಿ.

ಉಳಿದಿದ್ದನ್ನು ಚಿಕ್ಕ ಬಾಟಲಿಗೆ ಕಂಠಪೂರ್ತಿ ತುಂಬಿ ಫ್ರಿಜ್‌ನಲ್ಲಿಡಿ. ಗಾಳಿ ಕಡಿಮೆ ಇದ್ದರೆ ಎರಡು ಮೂರು ದಿನ ಬಾಳುತ್ತದೆ. ಆಮೇಲೆ ಕುಡಿಯಬೇಡಿ, ಬೆಳ್ಳುಳ್ಳಿ, ಬೆಣ್ಣೆ ಹಾಕಿ ಅಣಬೆ ಹುರಿಯುವಾಗ ಬಾಣಲೆಗೆ ಸುರಿದು, ಪೂರಾ ಬತ್ತಿಸಿ.