ಆಟಿಯ ತೇವದಲ್ಲಿ ನೀರಂಟದ ಎಳೆ

ಕೆಸುವಿನ ಎಲೆಯ ಮೇಲೆ ನೀರು ಉರುಳುವುದನ್ನು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಗುಣವನ್ನು ಎಲೆಕ್ಟ್ರೋಸ್ಪಿನ್ನಿಂಗ್‌ನಲ್ಲಿ, ಅಂದರೆ ಹೆಚ್ಚು ವೋಲ್ಟೇಜಿನಿಂದ ಪಾಲಿಮರ್ ದ್ರಾವಣವನ್ನು ಸೂಜಿಯಿಂದ ನವಿರು ಎಳೆಯಾಗಿ ಸೆಳೆದು ಹಾಳೆ ಮಾಡುವ ವಿಧಾನದಲ್ಲಿ, ತರಲು ಹೊರಟರೆ ಅಳತೆಗಿಂತ ಹೆಚ್ಚು ಕಾಡುವುದು ಇಲ್ಲಿನ ಗಾಳಿ. ಜುಲೈ-ಆಗಸ್ಟ್‌ನ ಮಳೆ ತಿಂಗಳಾದ ಆಟಿಯಲ್ಲಿ ತೇವಾಂಶ ಶೇ. 90 ದಾಟುತ್ತದೆ. ಎಳೆಗೆ ಬಳಸುವ ಪಾಲಿಮರ್ ಪಿವಿಡಿಎಫ್; ಅದರ ದ್ರಾವಣ ಆ ತೇವ ಹೀರಿದರೆ ಹಾಲಿಗೆ ಹುಳಿ ಬಿದ್ದಂತೆ ಸೂಜಿಯ ತುದಿಯಲ್ಲೇ ಗಟ್ಟಿಕಟ್ಟಿ ಬಿಳಿ ಗಡ್ಡ ಬಿಡುತ್ತದೆ. ಅದು ಕಳಚಿ ಬಿದ್ದಲ್ಲಿ ಹಾಳೆ ತೂತು.

ಆದ್ದರಿಂದ ಮೊದಲು ಪೆಟ್ಟಿಗೆ. ಅಕ್ರಿಲಿಕ್ ಪೆಟ್ಟಿಗೆಗೆ ಸಿಲಿಕಾ ಜೆಲ್ ತುಂಬಿದ ಕೊಳವೆಯ ಮೂಲಕ ಅಕ್ವೇರಿಯಂ ಪಂಪಿನಿಂದ ಗಾಳಿ ಬಿಡುತ್ತೇನೆ, ಇನ್ನೊಂದು ತುದಿಯನ್ನು ಆವಿ ಹೊರಗೆಳೆಯುವ ಫ್ಯೂಮ್ ಹುಡ್‌ಗೆ ಒಯ್ಯುತ್ತೇನೆ. ಪೂರ್ತಿ ಮುಚ್ಚಬೇಡಿ: ದ್ರಾವಣದಲ್ಲಿರುವ ಅಸಿಟೋನ್‌ನ ಆವಿ ತುಂಬಿದಲ್ಲಿ ಒಂದು ಕಿಡಿ ಸಾಕು. ತೇವಾಂಶ 40ರಿಂದ 50ರ ನಡುವೆ ಇರಲಿ. ತೀರಾ ಒಣಗಿದರೆ ಅಸಿಟೋನ್ ಬೇಗ ಹಾರಿ ತುದಿಗೆ ಕೆನೆ ಕಟ್ಟುತ್ತದೆ.

ತಳದ ಪದರಕ್ಕೆ 1.6 ಗ್ರಾಂ ಪಿವಿಡಿಎಫ್ ಅನ್ನು 5 ಗ್ರಾಂ ಡಿಎಂಎಫ್ ಎಂಬ ದ್ರಾವಕದಲ್ಲಿ 60 ಡಿಗ್ರಿಯಲ್ಲಿ ಕದಡಿ, ಆರಿದ ಮೇಲೆ 3.4 ಗ್ರಾಂ ಅಸಿಟೋನ್ ಸೇರಿಸಬೇಕು. ಬಿಸಿಯಲ್ಲೇ ಸುರಿದರೆ ಅಸಿಟೋನ್ ಉಳಿಯದು, ಅದು ಕುದಿಯುವುದೇ 56 ಡಿಗ್ರಿಗೆ. 22 ಗೇಜ್‌ನ ಮೊಂಡು ಸೂಜಿ, 15 ಸೆಂ.ಮೀ. ದೂರ, 16 ಕಿಲೋವೋಲ್ಟ್, ಗಂಟೆಗೆ 1 ಮಿ.ಲೀ.; ಎರಡು ಗಂಟೆ ಓಡಿಸಿದರೆ ಅಲ್ಯೂಮಿನಿಯಂ ಫಾಯಿಲ್ ಮೇಲೆ ಹಾಳೆ ಸಿದ್ಧ. ನೀರಂಟದ ಒರಟು ಕೊಡುವ ಸಿಲಿಕಾ ಪುಡಿಯನ್ನು ಇದರಲ್ಲಿ ಹಾಕುವುದಿಲ್ಲ. ಎಳೆಯೊಳಗೆ ಹೂತುಹೋದ ಕಣಕ್ಕೆ ನೀರಿನ ಹನಿ ತಾಗುವುದೇ ಇಲ್ಲ, ದುಡ್ಡು ದಂಡ.

ಸಿಲಿಕಾ ಬೇಕಾಗುವುದು ಮೇಲಿನ ಪದರಕ್ಕೆ. ನೀರಂಟದಂತೆ ಮೊದಲೇ ಸಂಸ್ಕರಿಸಿದ ಫ್ಯೂಮ್ಡ್ ಸಿಲಿಕಾ (ತೀರಾ ನವಿರಾದ ಸಿಲಿಕಾ ಪುಡಿ) 0.25 ಗ್ರಾಂ ತೆಗೆದುಕೊಂಡು 5.5 ಗ್ರಾಂ ಡಿಎಂಎಫ್‌ನಲ್ಲಿ ಅರ್ಧ ಗಂಟೆ ಸೋನಿಕೇಟ್ ಮಾಡಿ (ಶ್ರವಣಾತೀತ ಶಬ್ದದಿಂದ ಕದಡಿ), ಆಮೇಲೆ 0.5 ಗ್ರಾಂ ಪಿವಿಡಿಎಫ್, ಕೊನೆಗೆ 3.75 ಗ್ರಾಂ ಅಸಿಟೋನ್. ಪಾಲಿಮರ್ ಮೊದಲು ಹಾಕಿದರೆ ದ್ರಾವಣ ದಪ್ಪವಾಗಿ ಸಿಲಿಕಾದ ಗಂಟು ಬಿಡದು, ಸೂಜಿ ಕಟ್ಟುತ್ತದೆ. ಇಷ್ಟು ತೆಳು ದ್ರಾವಣ ಎಳೆಯಾಗದೆ ಮಣಿಮಣಿಯಾಗಿ ಕೂರುತ್ತದೆ. ಬೇರೆಡೆ ದೋಷವೆನಿಸುವ ಮಣಿಯೇ ಇಲ್ಲಿ ಬೇಕು, ಅದರ ಒರಟಿನ ನಡುವೆ ಗಾಳಿ ನಿಲ್ಲುತ್ತದೆ. ಇದನ್ನು ತಳದ ಹಾಳೆಯ ಮೇಲೆ ಇಪ್ಪತ್ತು ನಿಮಿಷ ಓಡಿಸಿದರೆ ಸಾಕು. ಸಿಲಿಕಾ ಹೆಚ್ಚಿಸಿದರೆ ಬೆರಳಿಗೆ ಹಿಟ್ಟು ಅಂಟುತ್ತದೆ. ಕೊನೆಗೆ ಹಾಳೆಯನ್ನು 60 ಡಿಗ್ರಿಯಲ್ಲಿ ಒಂದು ರಾತ್ರಿ ಒಣಗಿಸಿ.

ಸೂಜಿಯ ತುದಿ ಒರೆಸುವಾಗ ವೋಲ್ಟೇಜ್ ಸೊನ್ನೆಗಿಳಿಸಿ ಆರಿಸಿ, ಅರ್ತ್ ಕೋಲನ್ನು ಸೂಜಿಗೆ ತಾಗಿಸಿಯೇ ಕೈಹಾಕಿ. ಬೇಸಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ಸೋಲುತ್ತದೆ, ಗುಂಡಿಗೆ ನೀರು ಹೊಯ್ಯಬೇಕು. ಡಿಎಂಎಫ್ ಚರ್ಮದಿಂದ ಒಳಹೊಕ್ಕು ಯಕೃತ್ತು ಕೆಡಿಸುತ್ತದೆ. ತೆಳು ನೈಟ್ರೈಲ್ ಕೈಗವಸು ಅದನ್ನು ತಡೆಯದು, ಬ್ಯೂಟೈಲ್ ಬೇಕು.

ಪರೀಕ್ಷೆಯಲ್ಲಿ ಸಂಪರ್ಕ ಕೋನವೊಂದನ್ನೇ, ಅಂದರೆ ಹನಿಯ ಅಂಚು ಹಾಳೆಯೊಡನೆ ಮಾಡುವ ಕೋನವೊಂದನ್ನೇ, ನಂಬಬೇಡಿ. 150 ಡಿಗ್ರಿ ಬಂದರೂ ಹಾಳೆಯನ್ನು ಕವುಚಿದಾಗ ಹನಿ ಅಂಟಿಯೇ ಇರಬಹುದು, ಗುಲಾಬಿ ಎಸಳಿನ ಮೇಲಿನಂತೆ. ಹಲಗೆಯನ್ನು ನಿಧಾನ ವಾಲಿಸಿ. 10 ಡಿಗ್ರಿಯೊಳಗೆ ಉರುಳಿದರೆ ಮಾತ್ರ ಕೆಸುವಿನ ಗುಣ ಬಂದಿದೆ ಎನ್ನಬಹುದು. ಒಳ್ಳೆಯ ಹಾಳೆಯನ್ನೂ ಆಟಿಯ ರಾತ್ರಿ ಹೊರಗಿಟ್ಟು ನೋಡಿ: ಆವಿ ರಂಧ್ರದೊಳಗೇ ಹನಿಗಟ್ಟಿ ಗಾಳಿಯನ್ನು ಹೊರದೂಡುತ್ತದೆ, ಬೆಳಗ್ಗೆ ನೀರು ಉರುಳುವುದಿಲ್ಲ. ಓವನ್‌ನಲ್ಲಿ ಒಣಗಿಸಿದ ಮೇಲೆ ಮತ್ತೆ ಉರುಳಿದರೆ ಮೇಲ್ಮೈ ಕೆಟ್ಟಿಲ್ಲ, ನೆನೆದಿತ್ತು ಅಷ್ಟೆ.